ನೋವು ಬರಬಾರದು

ಡಾಕ್ಟರ್ ಫರ್ಹತ್ ಚೀಟಿ ಮ್ಯಾಲ ಎರಡು ಗೀಟು ಹೊಡದು ಹೇಳಿದ್ರು:
ಚಂದಮ್ಮ, ನಿನಗ ನೋವು ಬರಬಾರದು.
ಬಂದ್ರ, ಅರ್ಧ ತಾಸು ಸುದ್ದಾ ಮನ್ಯಾಗ ಕೂಡಬ್ಯಾಡ.
ಮೂವತ್ತೇಳನೇ ವಾರದಾಗ ನಾವೇ ಕೊಯ್ದು ತಗೀತೀವಿ.

ನನಗ ನಗಿ ಬಂತು.
ಹನ್ನೊಂದು ವರ್ಷ ಓಣಿ ಮಂದೆಲ್ಲಾ ನನಗ ಬರಲಿ ಅಂತ
ಬೇಡಿದ್ದು ಅದೊಂದೇ ನೋವು.

ಹಿಂದಕ ಸೊಲ್ಲಾಪುರದಾಗ ಗಡ್ಡಿ ತಗದಿದ್ರು.
ಮೋಸಂಬಿಯಷ್ಟು ದೊಡ್ಡದು, ಸ್ಟೀಲ್ ತಟ್ಟಿಯಾಗಿಟ್ಟು
ಭೀಮಶಾಗ ತೋರಿಸಿದ್ರಂತ. ಅಂವ ಎರಡು ದಿನ ಊಟ ಬಿಟ್ಟಿದ್ದ.
ಕೊಯ್ದ ಜಾಗಾ ಹೊಲದಾರ. ಹೊಲಗಿ ಗಟ್ಟಿ ಅದನೋ ಇಲ್ಲೋ
ಹೊರಗ ನಿಂತು ಹೇಳೋರು ಯಾರಿಲ್ಲ.

ಮೇಡಂ ಇಂಗ್ಲಿಷಿನ್ಯಾಗ ಒಂದು ಮಾತು, ಹಿಂದಿಯೊಳಗ ಒಂದು ಮಾತು ಹೇಳಿದ್ರು.
ನಾ ಅಂದೆ, ಬಿಡ್ರಿ, ತಿಳೀತು.
ಹದಿನಾಲ್ಕು ವರ್ಷ ಆತು, ಹುಮನಾಬಾದ್ ಬೇಸ್ ಹತ್ರ
ರೊಟ್ಟಿ ಸೆಂಟರಿನ್ಯಾಗ ದಿನಾ ಎರಡು ನೂರು ಬಡೀತೀನಿ.
ಬಡಿಯೋವಾಗ ಹರಿದ್ರ, ಹಸಿ ಬೆರಳಿಂದ ಹಿಟ್ಟು ಹಚ್ಚಿ ಮುಚ್ಚತೀವಿ.
ಕಣ್ಣಿಗಿ ಕಾಣಂಗಿಲ್ಲ.
ಹಂಚಿನ ಮ್ಯಾಲ ಉಬ್ಬಲಾಕ ಶುರು ಆದಮ್ಯಾಲ
ಉಗಿ ಹುಡುಕ್ಕೊಂಡು ಹೋಗೋದು ಅದೇ ಜಾಗಾಕ.

ಮೇಡಂ ಪೆನ್ನು ಕೆಳಗಿಟ್ರು. ಹಾಂ, ಅದೇ, ಅಂದ್ರು.

ಸೂಜಿಮದ್ದು ಇಡಲಾಕ ನಮ್ಮ ಮನ್ಯಾಗ ಫ್ರಿಜ್ ಇಲ್ಲ.
ಸಲೀಮಾಬಿ ಕಿರಾಣಿ ಅಂಗಡ್ಯಾಗ
ಥಂಡಾ ಬಾಟ್ಲಿ ಮಗ್ಗಲದಾಗ ಹೆಸರು ಬರದು ಇಟ್ಟಿದ್ವಿ.
ಭೀಮಶಾನ ಅವ್ವನ ಪಾಟ್ಲಿ ಹೋದ್ವು, ಮೋಟರ್ ಸೈಕಲ್ ಹೋತು.
ಎರಡು ಸಲ ಒಳಗಿಟ್ರು, ಎರಡೂ ಸಲ ನಿಲ್ಲಲಿಲ್ಲ.
ಮೂರನೇದು ನಿಂತಾಗ ಯಾರಿಗೂ ಹೇಳಲಿಲ್ಲ,
ಸಲೀಮಾಬಿಗೊಬ್ಬಾಕಿಗೇ ಗೊತ್ತು. ಬಾಟ್ಲಿ ಎಣಿಸಾಕಿ ಅಕಿ.

ಕಾಶೀಬಾಯಿ, ಐದು ಹಡದಾಕಿ, ಎದುರಿನ ಹಂಚಿನಾಕಿ, ಕೇಳಿದ್ಲು:
ನೋವು ತಿನ್ಲಾರದ ಹಡದ್ರ ಅದು ಹಡದಂಗೇನವಾ?
ಕೆಟ್ಟ ಮನಸಿಂದ ಅಲ್ಲ. ಖರೇ ತಿಳೀಲಾರದ ಕೇಳಿದ್ಲು.
ನಾ ಉತ್ತರ ಕೊಡಲಿಲ್ಲ. ಮಾತು ಒಳಗ ಉಳೀತು.

ಮೂವತ್ತೈದನೇ ವಾರ. ರಾತ್ರಿ.
ಸ್ಟೇಷನ್ ಕಡಿಂದ ಗಾಡಿ ಕೂಗು.
ಸೊಂಟದಾಗ ಎದ್ದು, ಮುಂದಕ ಬಂದು, ಹೊಟ್ಟಿ ಕಲ್ಲಾತು, ಸಡಲಾತು.
ಇನ್ನೊಮ್ಮಿ.
ಬಾಜೂ ಮನಿ ಆಟೋದಂವಗ ಮೊದಲೇ ಹೇಳಿಟ್ಟಿದ್ವಿ.
ಭೀಮಶಾನ ಎಬ್ಬಸಬೇಕಿತ್ತು.
ಎಬ್ಬಸಲಿಲ್ಲ.
ಗಾಡಿ ಪೂರಾ ದಾಟೋತನಕ, ಅಷ್ಟೇ ಹೊತ್ತು,
ಬಾಯಾಗ ಸೆರಗು ಕಚ್ಚಿ
ಅದನ್ನ ನಾ ಒಬ್ಬಾಕಿನೇ ಇಟಗೊಂಡೆ.
ನೀನೇ ಏನು ಅದು, ಅಂದೆ. ಇಷ್ಟು ದಿನ ಎಲ್ಲಿದ್ದಿ.

ಆಮ್ಯಾಲ ಅವನ ತೋಳು ಹಿಡಿದು ಅಲಗಾಡಿಸಿದೆ.

ಸೊಂಟದ ಕೆಳಗ ಅಷ್ಟೇ ಜಡ, ಕಿವಿ ಎಚ್ಚರಿದ್ವು.
ಪರದೆ ಆಚಿಗಿ ಮೇಡಂ ಅಂದ್ರು:
ನೋಡ್ರಿ ಇಲ್ಲಿ, ಹಪ್ಪಳ ಆಗ್ಯಾದ, ಇನ್ನೊಂದು ಸ್ವಲ್ಪ...
ಮುಂದಿನದು ಅವರು ಹೇಳಲಿಲ್ಲ.
ಆ ಗಾಡಿ ಮಾತು ನಾನೂ ಇವತ್ತಿನತನಕ ಯಾರಿಗೂ ಹೇಳಿಲ್ಲ.

ಎರಡು ಕೇಜಿ, ಅಲ್ಲಿಗಲ್ಲಿಗೆ. ಹನ್ನೆರಡು ದಿನ ಗಾಜಿನ ಪೆಟ್ಟಗಿ.
ಭೀಮಶಾ ಬಾಗಲ ಗಾಜಿಗಿ ಮೂಗು ಹಚ್ಚಿ ನಿಂತರ
ಅವನ ಉಸುರೇ ಕುಂತು ಕೂಸು ಕಾಣತಿರಲಿಲ್ಲ.
ಸಿಸ್ಟರ್ ಬೈದು ಒರಸತಿದ್ಲು.

ಈಗ ಹಿಟ್ಟಿನ ಚೀಲದ ಹಿಂದ ಜೋಳಗಿಯಾಗ ಮಲಗತಾಳ.
ಬಡಿಯೋ ಸಪ್ಪಳ ನಿಂತ್ರ ಕಣ್ಣು ಬಿಡತಾಳ.
ಇನ್ನೊಂದು ಆಗಲಿ ಅಂತಾರ ಗಿರಾಕಿ ಮಂದಿ.
ಮೇಡಂ ಬ್ಯಾಡ ಅಂದಾರ. ನಾನೂ ಬ್ಯಾಡ ಅಂದೀನಿ.

ಇವತ್ತ ಹಂಚಿನ ಮ್ಯಾಲ ಮೂರು ಹರಿದ್ವು.
ಅವನ್ನ ಮಾರೂದಿಲ್ಲ ನಾವು.
ಬಾಜೂಕ ಇಟ್ಟು, ಮಧ್ಯಾಹ್ನ ಪುಂಡಿಪಲ್ಯ ಹಚಗೊಂಡು
ನಾನೂ ಕಾಶೀಬಾಯಿನೂ ತಿಂತೀವಿ.